ವೇಗ ಹೆಚ್ಚಾದರೆ ವಸ್ತು ಕಪ್ಪುಕುಳಿಯಾಗುತ್ತದೆಯೇ?

ಪ್ರಶ್ನೆ: ವೇಗ ಹೆಚ್ಚಿದಂತೆ ವಸ್ತುವಿನ ದ್ರವ್ಯರಾಶಿ ಏರುತ್ತದೆ, ಉದ್ದ ಕುಗ್ಗುತ್ತದೆ ಎಂದು ಓದಿದ್ದೇನೆ. ಹಾಗಾದರೆ ಬೆಳಕಿನ ವೇಗಕ್ಕೆ ತೀರಾ ಹತ್ತಿರ ಬಂದ ವಸ್ತು ಕಪ್ಪುಕುಳಿ (ಬೆಳಕೂ ಹೊರಬರಲಾಗದಷ್ಟು ಗುರುತ್ವದ ಕಾಯ) ಆಗಿಬಿಡಬೇಕು ಅಲ್ವಾ?

ಉತ್ತರ: ಆಗುವುದಿಲ್ಲ. ಆದರೆ ನಿಮ್ಮದು ಸುಮ್ನೆ ತಳ್ಳಿಹಾಕುವ ಪ್ರಶ್ನೆಯಲ್ಲ. ಅದರ ಬೆನ್ನು ಹತ್ತಿದರೆ ಐನ್‌ಸ್ಟೈನ್ ಅವರ ಸಾಪೇಕ್ಷತಾ ಸಿದ್ಧಾಂತದ ತಿರುಳೇ ಕೈಗೆ ಸಿಗುತ್ತದೆ.

ವೇಗ ಅನ್ನುತ್ತೇವಲ್ಲ, ಅದು ಯಾರು ನೋಡಿದ ವೇಗ? 1991ರಲ್ಲಿ ಅಮೆರಿಕದ ಯೂಟಾದಲ್ಲಿ ಬಾಹ್ಯಾಕಾಶದಿಂದ ಬರುವ ವಿಶ್ವಕಿರಣದ ಒಂದು ಕಣ ಪತ್ತೆಯಾಯಿತು. ಶಕ್ತಿ ಸುಮಾರು 50 ಜೂಲ್. ಅದು ಪ್ರೋಟಾನ್ ಎಂದುಕೊಂಡರೆ, ನಿಂತ ಪ್ರೋಟಾನಿನ ಶಕ್ತಿಯ (E=mc² ಪ್ರಕಾರ ಅದರ ದ್ರವ್ಯರಾಶಿಯಲ್ಲೇ ಇರುವ ಶಕ್ತಿ) ಸುಮಾರು 34 ಸಾವಿರ ಕೋಟಿ ಪಟ್ಟು! ಈಗ ಆ ಪ್ರೋಟಾನಿನ ಮೇಲೆ ಕೂತು ನೋಡಿ. ಅದು ನಿಂತೇ ಇದೆ, ಭೂಮಿಯೇ ಅಷ್ಟು ವೇಗದಲ್ಲಿ ನುಗ್ಗಿ ಬರುತ್ತಿದೆ. ಭೂಮಿ ಕಪ್ಪುಕುಳಿಯಾಗಬೇಕಾದರೆ ಸುಮಾರು 9 ಮಿಲಿಮೀಟರ್ ತ್ರಿಜ್ಯದ ಗೋಲಿಯಷ್ಟಕ್ಕೆ ಅದುಮಬೇಕು. ದ್ರವ್ಯರಾಶಿ ಅಷ್ಟು ಪಟ್ಟು ಏರಿದೆ ಎಂದು ಹಿಡಿದರೆ ಈ 9 ಮಿಲಿಮೀಟರ್ ಸುಮಾರು 30 ಲಕ್ಷ ಕಿಲೋಮೀಟರ್ ಆಗುತ್ತದೆ. ಭೂಮಿಯ ತ್ರಿಜ್ಯವೋ ಬರೀ 6,371 ಕಿಲೋಮೀಟರ್. ಅಂದರೆ ಆ ಪ್ರೋಟಾನಿನ ಲೆಕ್ಕದಲ್ಲಿ ನಾವೆಲ್ಲ ಕಪ್ಪುಕುಳಿಯ ಒಳಗಿರಬೇಕಿತ್ತು. ಇಲ್ಲವಲ್ಲ! ಒಂದು ವಸ್ತು ಕಪ್ಪುಕುಳಿಯಾದರೆ ಎಲ್ಲರ ಕಣ್ಣಿಗೂ ಕಪ್ಪುಕುಳಿಯೇ. ಒಬ್ಬರಿಗೆ ಹೌದು, ಇನ್ನೊಬ್ಬರಿಗೆ ಅಲ್ಲ ಎನ್ನುವಂತಿಲ್ಲ.

ಲೆಕ್ಕ ತಪ್ಪಿದ್ದೆಲ್ಲಿ? ಆ 9 ಮಿಲಿಮೀಟರ್ ಬರುವುದು ಜರ್ಮನಿಯ ವಿಜ್ಞಾನಿ ಶ್ವಾರ್ಟ್ಸ್‌ಚೈಲ್ಡ್ ಅವರ 1916ರ ಸೂತ್ರದಿಂದ. ಅದು ನಿಂತ ವಸ್ತುವಿನ ಸೂತ್ರ. ಓಡುವ ವಸ್ತುವಿನ ಶಕ್ತಿಯನ್ನು ತಂದು ಅದಕ್ಕೆ ತುಂಬುವಂತಿಲ್ಲ. ಐನ್‌ಸ್ಟೈನ್ ಸಮೀಕರಣಗಳಲ್ಲಿ ಗುರುತ್ವಕ್ಕೆ ಶಕ್ತಿಯೊಂದೇ ಕಾರಣವಲ್ಲ, ಸಂವೇಗ (ಓಡುವ ವಸ್ತುವಿನ ಚಲನೆಯ ಅಳತೆ) ಮತ್ತು ಒತ್ತಡವೂ ಲೆಕ್ಕಕ್ಕೆ ಬರುತ್ತವೆ. ವೇಗ ಏರಿದಾಗ ಶಕ್ತಿಯ ಜೊತೆಗೆ ಸಂವೇಗವೂ ಏರುತ್ತದೆ. ಎರಡನ್ನೂ ಹಿಡಿದು ಲೆಕ್ಕ ಹಾಕಿದರೆ, ನಿಂತಾಗ ಕಪ್ಪುಕುಳಿಯಲ್ಲದ್ದು ಓಡುವಾಗಲೂ ಅಲ್ಲ ಎಂದೇ ಉತ್ತರ ಬರುತ್ತದೆ.

ವೇಗದ ಜೊತೆ ದ್ರವ್ಯರಾಶಿ ಏರುತ್ತದೆ ಎಂದು ಕಲಿಸುವುದನ್ನೇ ಬಿಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಐನ್‌ಸ್ಟೈನ್ ಕೂಡ 1948ರ ಒಂದು ಪತ್ರದಲ್ಲಿ ಆ ಕಲ್ಪನೆ ಒಳ್ಳೆಯದಲ್ಲ ಎಂದು ಬರೆದಿದ್ದರು.

ಹಾಗಂತ ವೇಗಕ್ಕೂ ಕಪ್ಪುಕುಳಿಗೂ ನಂಟೇ ಇಲ್ಲ ಎಂದಲ್ಲ. ಎರಡು ಕಣಗಳು ಎದುರುಬದುರಾಗಿ ಬರುತ್ತಿವೆ ಎನ್ನಿ. ಒಂದರ ಜೊತೆಗೇ ನಾವೂ ಓಡಿದರೆ ಅದು ನಿಂತಂತೆ ಕಾಣುತ್ತದೆ, ಆದರೆ ಆಗ ಇನ್ನೊಂದರ ವೇಗ ಮತ್ತೂ ಏರುತ್ತದೆ. ಡಿಕ್ಕಿಯ ಶಕ್ತಿ ಎಲ್ಲಿಂದ ನೋಡಿದರೂ ಮಾಯವಾಗುವುದಿಲ್ಲ. ಅದು ತಕ್ಕಷ್ಟು ಚಿಕ್ಕ ಜಾಗದಲ್ಲಿ ಒಟ್ಟಾದರೆ ಕಪ್ಪುಕುಳಿ ಹುಟ್ಟಬಹುದು ಎನ್ನುತ್ತದೆ ಸಿದ್ಧಾಂತ. ಜಿನೀವಾ ಬಳಿ ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರವಾದ ಲಾರ್ಜ್ ಹ್ಯಾಡ್ರಾನ್ ಕೊಲೈಡರ್‌ನ ಡಿಕ್ಕಿಗಳಲ್ಲಿ ಇದಕ್ಕಾಗಿ ಹುಡುಕಿದ್ದಾರೆ. ಈವರೆಗೆ ಒಂದೂ ಸಿಕ್ಕಿಲ್ಲ.