ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ ಜಾಝ್ ರೆಕಾರ್ಡ್‌ಗಳಲ್ಲಿ ಬಾರಿಸಿದವರು ಯಾರು ಅಂತ ತಿಳಿಯುವುದು ಹೇಗೆ?

ನೀವು ಕೇಳಿದ್ದು ಇಷ್ಟು. ಬಿಜೈಯ ಹಳೆ ಮನೆ ಖಾಲಿ ಮಾಡುವಾಗ ಅಜ್ಜನ ತಗಡಿನ ಪೆಟ್ಟಿಗೆಯಲ್ಲಿ ನಲವತ್ತರಷ್ಟು ರೆಕಾರ್ಡ್ ಸಿಕ್ಕಿವೆ. ಅಜ್ಜ ಬೊಂಬಾಯಿಯಲ್ಲಿ ಕೆಲಸಕ್ಕಿದ್ದವರು, ಜಾಝ್ ಅಂದ್ರೆ ಪ್ರಾಣ ಅಂತ ಅಮ್ಮ ಹೇಳುತ್ತಾರೆ. ಅರ್ಧಕ್ಕರ್ಧ ರೆಕಾರ್ಡ್‌ಗೆ ಕವರ್ ಇಲ್ಲ, ಒಂದರ ಲೇಬಲನ್ನು ಹುಳ ತಿಂದಿದೆ. ಬಾರಿಸಿದ್ದು ಯಾರು ಅಂತ ತಿಳಿಯುವುದು ಹೇಗೆ, ಮಾರಿದರೆ ಏನಾದರೂ ಸಿಗುತ್ತದಾ?

ನಾನು ಇಲ್ಲೇ ಮಂಗಳೂರಿನವನು. ಇಪ್ಪತ್ತು ವರ್ಷದಿಂದ ಇದೇ ಹುಚ್ಚು. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಎಲ್ಲಕ್ಕಿಂತ ಮೊದಲು, ಅವುಗಳನ್ನು ಒರೆಸಲು ಹೋಗಬೇಡಿ ಮಾರಾಯ್ರೆ. ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿದಿರುತ್ತದೆ, ನೋಡಿದ ಕೂಡಲೇ ಸ್ಪಿರಿಟ್ ಹಾಕಿ ಒರೆಸೋಣ ಅಂತ ಕೈ ಹೋಗುತ್ತದೆ. ನಾನೂ ಹಾಗೇ ಮಾಡಿದವನು. ಗುಜರಿಯಿಂದ ತಂದ ಒಂದು 78ರ ರೆಕಾರ್ಡನ್ನು (ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಕಾಲದ್ದು) ಹತ್ತಿಗೆ ಸ್ಪಿರಿಟ್ ಹಾಕಿ ಚೆನ್ನಾಗಿ ಉಜ್ಜಿದೆ. ಹತ್ತಿ ಕಪ್ಪಾಯಿತು, ಕೊಳೆ ಬರುತ್ತಿದೆ ಅಂದುಕೊಂಡೆ. ಬರುತ್ತಿದ್ದದ್ದು ಕೊಳೆಯಲ್ಲ, ರೆಕಾರ್ಡೇ. ಹಳೆಯ 78 ಮಾಡುತ್ತಿದ್ದದ್ದು ಅರಗಿನಿಂದ, ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಅದರ ಲೇಬಲ್ ಮೇಲೆ ಟೆಡ್ಡಿ ವೆದರ್‌ಫರ್ಡ್ ಅಂತ ಹೆಸರಿತ್ತು. ಆಗ ನನಗೆ ಅವರು ಯಾರೆಂದೇ ಗೊತ್ತಿರಲಿಲ್ಲ.

ಆಮೇಲೆ ತಿಳಿದದ್ದು. ವೆದರ್‌ಫರ್ಡ್ ಅಮೆರಿಕದ ಪಿಯಾನೊ ವಾದಕ, 1903ರಲ್ಲಿ ಹುಟ್ಟಿದವರು. ಶಿಕಾಗೋದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಇದ್ದ ಬ್ಯಾಂಡಿನಲ್ಲೇ ಬಾರಿಸಿದವರು. 1926ರಲ್ಲಿ ಏಷ್ಯಾದ ಕಡೆ ಹೊರಟರು, ಶಾಂಘೈಯಲ್ಲಿ ಹೆಸರು ಮಾಡಿದರು, ಬೊಂಬಾಯಿಯ ತಾಜ್ ಹೋಟೆಲಿನಲ್ಲಿ ಬಾರಿಸಿದರು, ಕೊನೆಗೆ ಕಲ್ಕತ್ತದ ಗ್ರ್ಯಾಂಡ್ ಹೋಟೆಲಿಗೆ ಬಂದು ನಿಂತರು. ಯುದ್ಧದ ವರ್ಷಗಳಲ್ಲಿ ಅಲ್ಲೇ ಕೊಲಂಬಿಯಾ ಕಂಪನಿಗೆ ರೆಕಾರ್ಡ್ ಮಾಡಿದರು. 1945ರ ಏಪ್ರಿಲ್‌ನಲ್ಲಿ ಕಾಲರಾ ಬಂದು ಅಲ್ಲೇ ತೀರಿಕೊಂಡರು. ಶಿಕಾಗೋದ ಜಾಝ್ ಚರಿತ್ರೆಯ ಒಂದು ಕೊನೆ ನಮ್ಮ ದೇಶದ ಅರಗಿನ ತಟ್ಟೆಯಲ್ಲಿ ಉಳಿದಿತ್ತು, ಅಂಥ ಒಂದು ತಟ್ಟೆಯನ್ನು ನಾನು ಕೈಯಾರೆ ಒರೆಸಿಬಿಟ್ಟೆ. ಅದರ ಸಂಕಟ ಇವತ್ತಿಗೂ ಇದೆ. ನಿಮ್ಮ ಅಜ್ಜ ಬೊಂಬಾಯಿಯಲ್ಲಿ ಇದ್ದವರು ಅಂದ ಕೂಡಲೇ ಇಷ್ಟು ಬರೆಯಲು ಕೂತದ್ದೂ ಅದಕ್ಕೇ.

ಈಗ ಹೆಸರು ಹುಡುಕುವ ಕೆಲಸ. ರೆಕಾರ್ಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಹಾಡಿನ ಗೆರೆಗಳು ಮುಗಿದ ಮೇಲೆ ಲೇಬಲ್‌ವರೆಗೆ ಒಂದು ನುಣುಪಾದ ಜಾಗ ಉಳಿಯುತ್ತದೆ ನೋಡಿ, ಅಲ್ಲಿ ಗೀಚಿದ್ದೋ ಒತ್ತಿದ್ದೋ ಅಕ್ಷರ, ಅಂಕಿ ಕಾಣುತ್ತವೆ. ಇದಕ್ಕೆ ಮ್ಯಾಟ್ರಿಕ್ಸ್ ನಂಬರ್ ಅನ್ನುತ್ತೇವೆ. ಲೇಬಲ್ ಮೇಲೆ ಅಚ್ಚಾದ ನಂಬರ್ ಅಂಗಡಿಯವರಿಗಾಗಿ, ಮಾರುವುದಕ್ಕೆ. ಮ್ಯಾಟ್ರಿಕ್ಸ್ ನಂಬರ್ ಆ ದಿನ ಸ್ಟುಡಿಯೋದಲ್ಲಿ ಬಾರಿಸಿದ ಆ ಒಂದು ಹಾಡಿನದ್ದು. ಒಂದೇ ಹಾಡನ್ನು ಎರಡು ಮೂರು ಸಲ ಬಾರಿಸಿದ್ದರೆ ಎಷ್ಟನೆಯ ಟೇಕ್ ಅನ್ನುವುದಕ್ಕೂ ಹಲವು ಸಲ ಅಲ್ಲೇ ಗುರುತಿರುತ್ತದೆ. ಲೇಬಲ್ ಬದಲಾಗಬಹುದು, ದೇಶ ಬದಲಾಗಬಹುದು. ಅಮೆರಿಕದಲ್ಲಿ ಬಾರಿಸಿದ್ದು ಕಲ್ಕತ್ತದ ಡಂಡಂನಲ್ಲಿದ್ದ ರೆಕಾರ್ಡ್ ಕಾರ್ಖಾನೆಯಲ್ಲಿ ಬೇರೆ ಹೆಸರಿನ ಲೇಬಲ್ ಹಚ್ಚಿಕೊಂಡು ಬಂದಿರಬಹುದು. ಆದರೂ ಈ ನಂಬರ್ ಸಾಮಾನ್ಯವಾಗಿ ಅದೇ ಇರುತ್ತದೆ. ಅದನ್ನು ಹಿಡಿದುಕೊಂಡು ಹೋದರೆ ತಾರೀಕು, ಊರು, ಬಾರಿಸಿದವರ ಪಟ್ಟಿ, ಎಲ್ಲ ಸಿಗುವ ಸಾಧ್ಯತೆ ಇದೆ. ಶಾರ್ಲ್ ದಲೋನೆ ಅನ್ನುವ ಫ್ರಾನ್ಸಿನವರು 1936ರಲ್ಲೇ ಇಂಥ ಪಟ್ಟಿಯ ಪುಸ್ತಕ ಮಾಡಿದರು. ಈಗ ರೆಕಾರ್ಡ್‌ಗಳ ಪಟ್ಟಿ ಇರುವ ಡಿಸ್ಕಾಗ್ಸ್ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿ ಹುಡುಕಿದರೂ ಬಹಳಷ್ಟು ಸಿಗುತ್ತದೆ. ನಿಮ್ಮ ಹುಳ ತಿಂದ ಲೇಬಲ್‌ಗೂ ಇದೇ ಔಷಧ.

78ರ ನಂತರ ಬಂದ ಎಲ್‌ಪಿಗಳಲ್ಲೂ, ಅಂದರೆ ಹೆಚ್ಚು ಹೊತ್ತು ಓಡುವ ಪ್ಲಾಸ್ಟಿಕ್ ರೆಕಾರ್ಡ್‌ಗಳಲ್ಲೂ, ಅದೇ ಜಾಗ ನೋಡಿ. ಆರ್‌ವಿಜಿ (RVG) ಅಂತ ಇಂಗ್ಲಿಷಿನ ಮೂರು ಅಕ್ಷರ ಕಂಡರೆ ಅದು ನ್ಯೂಜೆರ್ಸಿಯ ಹೆಸರಾಂತ ರೆಕಾರ್ಡಿಂಗ್ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಅವರ ಕೈಕೆಲಸ. ಅಂಥದ್ದು ಸಿಕ್ಕಿದರೆ ಬೇರೆಯೇ ತೆಗೆದಿಡಿ.

ಪೆಟ್ಟಿಗೆಯಲ್ಲಿರುವ ಚೀಟಿ, ಕವರ್‌ನ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದದ್ದು, ಅಂಗಡಿಯ ರಬ್ಬರ್ ಮುದ್ರೆ, ಯಾವುದನ್ನೂ ಬಿಸಾಡಬೇಡಿ. 2005ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹಳೆಯ ಟೇಪ್‌ಗಳ ನಡುವೆ ಕೆಲಸ ಮಾಡುವಾಗ ಒಂದು ಪೆಟ್ಟಿಗೆಯ ಮೇಲೆ ಕೈಬರಹದಲ್ಲಿ ಸುಮ್ನೆ ಟಿ. ಮಂಕ್ ಅಂತ ಇದ್ದದ್ದು ಅಲ್ಲಿನ ಸಿಬ್ಬಂದಿ ಲ್ಯಾರಿ ಆಪಲ್‌ಬಾಮ್ ಕಣ್ಣಿಗೆ ಬಿತ್ತು. ಹಾಕಿ ಕೇಳಿದರೆ 1957ರ ನವೆಂಬರ್ 29ರಂದು ಕಾರ್ನೆಗಿ ಹಾಲ್‌ನಲ್ಲಿ ಪಿಯಾನೊದ ಥೆಲೋನಿಯಸ್ ಮಂಕ್ ಜೊತೆ ಸ್ಯಾಕ್ಸೊಫೋನಿನ ಜಾನ್ ಕೋಲ್ಟ್ರೇನ್! ಅವರಿಬ್ಬರು ಒಟ್ಟಿಗೆ ಬಾರಿಸಿದ ಧ್ವನಿಮುದ್ರಣ ಇರುವುದೇ ಕಡಿಮೆ. ಅದು ಸುಮಾರು 48 ವರ್ಷ ಕಪಾಟಿನಲ್ಲಿ ಕೂತಿತ್ತು.

ಆದರೆ ಬರೆದಿದ್ದೆಲ್ಲ ನಿಜ ಅಂತಲೂ ನಂಬಬೇಡಿ. 1953ರಲ್ಲಿ ಟೊರೊಂಟೊದ ಮ್ಯಾಸಿ ಹಾಲ್‌ನಲ್ಲಿ ಬಾರಿಸಿದ ಒಂದು ಪ್ರಸಿದ್ಧ ಕಚೇರಿಯ ರೆಕಾರ್ಡ್‌ನಲ್ಲಿ ಸ್ಯಾಕ್ಸೊಫೋನ್ ಊದಿದವರು ಚಾರ್ಲಿ ಚಾನ್ ಅಂತ ಇದೆ. ಅಂಥ ವಾದಕರೇ ಇಲ್ಲ. ಅದು ಚಾರ್ಲಿ ಪಾರ್ಕರ್. ಬೇರೆ ಕಂಪನಿಯ ಜೊತೆ ಒಪ್ಪಂದ ಇದ್ದದ್ದರಿಂದ ಹೆಸರು ಹಾಕುವಂತಿರಲಿಲ್ಲ, ಚಾನ್ ಅನ್ನುವುದು ಅವರ ಸಂಗಾತಿಯ ಹೆಸರು. ಹೆಸರು ಬದಲಾಯಿಸಬಹುದು, ಊದುವ ಉಸಿರು ಬದಲಾಯಿಸಲಾಗದು. ಇಲ್ಲಿ ಕಿವಿಯೇ ಸಾಕ್ಷಿ.

ಕಿವಿ ಅಂದರೆ ಹೆದರಬೇಡಿ, ನಮ್ಮ ಕರಾವಳಿಯವರಿಗೆ ಅದು ಬಂದೇ ಇರುತ್ತದೆ. ನಮ್ಮ ಮನೆಯಲ್ಲಿ ಯಕ್ಷಗಾನದ ಕ್ಯಾಸೆಟ್‌ಗಳ ರಾಶಿ ಇತ್ತು. ಹೆಚ್ಚಿನವು ಮತ್ತೊಬ್ಬರಿಂದ ಕಾಪಿ ಮಾಡಿಸಿದ್ದು, ಹೆಸರಿಲ್ಲ, ಪ್ರಸಂಗದ ಹೆಸರೂ ಇಲ್ಲ. ನಮ್ಮ ದೊಡ್ಡಪ್ಪ ಎರಡು ಸಾಲು ಕೇಳಿದರೆ ಸಾಕು, ಇದು ಕಾಳಿಂಗ ನಾವಡರು, ಇದು ಬಲಿಪ ನಾರಾಯಣ ಭಾಗವತರು ಅಂತ ಹೇಳುತ್ತಿದ್ದರು. ಅಷ್ಟೇ ಅಲ್ಲ, ಚೆಂಡೆಯ ಪೆಟ್ಟು ಕೇಳಿ ಬಾರಿಸಿದವರ ಹೆಸರನ್ನೂ ಹೇಳುತ್ತಿದ್ದರು, ಅದರ ಮೇಲೆ ಪಕ್ಕದ ಮನೆಯವರ ಜೊತೆ ಚಹಾ ತಣಿಯುವವರೆಗೆ ವಾದ ನಡೆಯುತ್ತಿತ್ತು. ಜಾಝ್‌ನವರು ಮಾಡುವುದೂ ಅದನ್ನೇ. ಸ್ವರವನ್ನು ಎಲ್ಲಿಂದ ಎತ್ತಿಕೊಳ್ಳುತ್ತಾರೆ, ತಾಳದ ಮೇಲೆ ಕೂರುತ್ತಾರಾ ಸ್ವಲ್ಪ ಹಿಂದೆ ಬೀಳುತ್ತಾರಾ, ಉಸಿರು ಎಲ್ಲಿ ಬಿಡುತ್ತಾರೆ. ನಾಲ್ಕು ತಿಂಗಳು ಕೂತು ಕೇಳಿದರೆ ಹಿಡಿತ ಸಿಗುತ್ತದೆ.

ನನಗೆ ಹಾಗೆ ಸಿಕ್ಕಿದವರು ಟೀನಾ ಬ್ರೂಕ್ಸ್. ಗಂಡಸು, ಟೆನರ್ ಸ್ಯಾಕ್ಸೊಫೋನ್. ಟೀನಾ ಅನ್ನುವುದು ಚಿಕ್ಕಂದಿನ ಅಡ್ಡ ಹೆಸರು. ಬೆಂದೂರಿನ ಹಿರಿಯರೊಬ್ಬರು ನನಗೆ ಫ್ರೆಡಿ ಹಬ್ಬರ್ಡ್ ಅವರ 1960ರ ಒಂದು ಎಲ್‌ಪಿ ಕೇಳಿಸಿದರು. ಟ್ರಂಪೆಟ್ ಕೇಳು ಅಂತ ಅವರು ಹಾಕಿದ್ದು. ನನ್ನ ಕಿವಿ ಮಾತ್ರ ಹಿಂದೆ ಊದುತ್ತಿದ್ದ ಸ್ಯಾಕ್ಸ್ ಕಡೆಗೇ ಹೋಯಿತು. ಗಟ್ಟಿ ಇಲ್ಲ, ಅಬ್ಬರ ಇಲ್ಲ, ಎದುರು ಕೂತು ಮಾತಾಡಿದ ಹಾಗೆ. ಇವರು ಯಾರು ಅಂತ ಕೇಳಿದೆ. ಅವರು ಒಳಗೆ ಹೋಗಿ ಒಂದು ನೋಟ್‌ಬುಕ್ ತಂದರು. ಬ್ರೂಕ್ಸ್ 1958ರಿಂದ 1961ರ ನಡುವೆ ತಮ್ಮದೇ ಹೆಸರಿನಲ್ಲಿ ಬ್ಲೂ ನೋಟ್ ಕಂಪನಿಗೆ ನಾಲ್ಕು ಸಲ ರೆಕಾರ್ಡ್ ಮಾಡಿದ್ದಾರೆ, ಬದುಕಿದ್ದಾಗ ಹೊರಗೆ ಬಂದದ್ದು ಒಂದೇ ಒಂದು. ಮತ್ತೊಂದಕ್ಕೆ 4052 ಅಂತ ನಂಬರ್ ಕೂಡ ಕೊಟ್ಟಿದ್ದರು, ಆದರೆ ಅಂಗಡಿಗೆ ಬರಲೇ ಇಲ್ಲ. ನಂಬರ್ ಇದೆ, ರೆಕಾರ್ಡ್ ಇಲ್ಲ! 1974ರಲ್ಲಿ ಬ್ರೂಕ್ಸ್ ತೀರಿಕೊಂಡಾಗ ವಯಸ್ಸು 42. ಆಮೇಲೆ ರೆಕಾರ್ಡ್ ನಿರ್ಮಾಪಕ ಮೈಕಲ್ ಕುಸ್ಕುನಾ ಬ್ಲೂ ನೋಟ್ ಕಂಪನಿಯ ಗೋದಾಮಿನಲ್ಲಿದ್ದ ಟೇಪ್‌ಗಳನ್ನೆಲ್ಲ ತಡಕಾಡಿ, 1985ರಲ್ಲಿ ಆ ನಾಲ್ಕನ್ನೂ ಒಟ್ಟಿಗೆ ಮೊಸೈಕ್ ಕಂಪನಿಯಿಂದ ಹೊರತಂದರು. ಕೇಳಬೇಕಾದವರು ಕೇಳುವ ಹೊತ್ತಿಗೆ ಊದಿದವರು ಹೋಗಿ ಹನ್ನೊಂದು ವರ್ಷವಾಗಿತ್ತು.

ಇದನ್ನೆಲ್ಲ ಆ ಹಿರಿಯರು ನನಗೆ ಹೇಳಿದ್ದು ಸುಮ್ನೆ. ಒಂದು ರೂಪಾಯಿ ಕೇಳಲಿಲ್ಲ. ಕೇಳಿದ್ದು ಒಂದೇ, ನಿನಗೆ ಗೊತ್ತಿರುವುದನ್ನು ಕೊಡು ಅಂತ. ನನಗೇನು ಗೊತ್ತಿತ್ತು? ಕದ್ರಿ ಗೊತ್ತಿತ್ತು.

ನೀವು ನಂಬುತ್ತೀರೋ ಇಲ್ಲವೋ, ಹೊರದೇಶದ ಜಾಝ್ ಕೇಳುಗರು ನಮ್ಮ ಕದ್ರಿ ಗೋಪಾಲನಾಥ್ ಅವರ ಬಗ್ಗೆ ಬಹಳ ಕೇಳುತ್ತಾರೆ. ಕದ್ರಿ ಅನ್ನುವುದು ಮೊದಲ ಹೆಸರು ಅಂದುಕೊಂಡವರು ಎಷ್ಟೋ ಜನ. ಅದು ಊರು, ಮಂಜುನಾಥ ದೇವಸ್ಥಾನ ಇರುವ ಜಾಗ, ಅವರು ಹುಟ್ಟಿದ್ದು ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ, ತಂದೆ ನಾಗಸ್ವರ ನುಡಿಸುವವರು, ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತವರು ಅಂತ ನಾನು ಬರೆದು ಕಳಿಸಿದರೆ ಅವರಿಗೆ ಅದು ಹೊಸ ಸುದ್ದಿ. ಬದಲಿಗೆ ಅವರಿಂದ ನನಗೆ ಬಂದ ಸುದ್ದಿ ಇನ್ನೂ ಚೆನ್ನಾಗಿದೆ. ಅಮೆರಿಕದಲ್ಲಿ ಬೆಳೆದ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಬೋಸ್ಟನ್‌ನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಕಲಿಯುತ್ತಿದ್ದಾಗ ಅವರ ಅಣ್ಣ ತಮಾಷೆಗೆ ಒಂದು ರೆಕಾರ್ಡ್ ಕೊಟ್ಟರಂತೆ, ನಮ್ಮ ಗೋಪಾಲನಾಥರದ್ದು. ಕೊಟ್ಟವರಿಗೆ ತಮಾಷೆ, ಕೇಳಿದವರಿಗೆ ದಾರಿ. ವರ್ಷಗಳ ನಂತರ ಇಬ್ಬರೂ ಸೇರಿ ಬಾರಿಸಿದರು, ಕಿನ್ಸ್‌ಮೆನ್ ಅನ್ನುವ ಆಲ್ಬಂ 2008ರಲ್ಲಿ ಬಂತು. ಅದರಲ್ಲಿ ಪಿಟೀಲು ಎ. ಕನ್ಯಾಕುಮಾರಿ ಅವರದ್ದು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನವರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಜೊತೆ ಮಾಡಿದ ಜ್ಯೋತಿ, 1983ರದ್ದು, ಅದನ್ನೂ ಕೇಳಿ. ಅಲ್ಲಿ ಹಾಡಿದವರು ಆರ್.ಎ. ರಮಾಮಣಿ.

ಹಾಗಾಗಿ ನಿಮಗೂ ನನ್ನದು ಅದೇ ಮಾತು, ಗೊತ್ತಿರುವುದನ್ನು ಕೊಡಿ. ನಂಬರ್ ಹಾಕಿ ಇದು ಯಾರು ಅಂತ ಮಾತ್ರ ಕೇಳಿದರೆ ಉತ್ತರ ಬರಬಹುದು, ಬಾರದೆಯೂ ಇರಬಹುದು. ಅಜ್ಜ ಯಾವ ವರ್ಷ ಬೊಂಬಾಯಿಯಲ್ಲಿದ್ದರು, ಯಾವ ಕಡೆ ಇದ್ದರು, ಯಾವ ಹೋಟೆಲಿನ ಬ್ಯಾಂಡ್ ಕೇಳಿದ್ದೆ ಅಂತ ಹೇಳುತ್ತಿದ್ದರು, ಇದನ್ನೆಲ್ಲ ಅಮ್ಮನ ಹತ್ತಿರ ಕೂತು ಕೇಳಿ ಬರೆಯಿರಿ. ಚಿಕ್ ಚಾಕೊಲೇಟ್ ಹೆಸರು ಅವರ ಬಾಯಲ್ಲಿ ಬಂದಿತ್ತಾ ಕೇಳಿ, ಗೋವಾದ ಟ್ರಂಪೆಟ್ ವಾದಕ, ನಿಜ ಹೆಸರು ಆಂಟೋನಿಯೊ ಕ್ಸೇವಿಯರ್ ವಾಝ್. ನಮ್ಮ ದೇಶದ ಹೋಟೆಲ್ ಬ್ಯಾಂಡ್‌ಗಳಲ್ಲಿ ಬಾರಿಸಿದ ಎಷ್ಟೋ ಗೋವಾದವರ ಹೆಸರು ಯಾವ ಲೇಬಲ್ ಮೇಲೂ ಇಲ್ಲ. ಕೇಳಿದವರ ನೆನಪಿನಲ್ಲಿ ಮಾತ್ರ ಇದೆ. ನಿಮ್ಮ ಅಮ್ಮನ ಒಂದು ಮಾತು ಎಲ್ಲೋ ಕೂತು ಪಟ್ಟಿ ಮಾಡುತ್ತಿರುವವರಿಗೆ ಹತ್ತು ರೆಕಾರ್ಡಿಗಿಂತ ಜಾಸ್ತಿ.

ದುಡ್ಡಿನ ವಿಷಯ. ಹೆಚ್ಚಿನ 78ಗಳಿಗೆ ದೊಡ್ಡ ಬೆಲೆ ಇಲ್ಲ, ಕೆಲವಕ್ಕೆ ಇರಬಹುದು, ಯಾವುದಕ್ಕೆ ಅಂತ ನಂಬರ್ ನೋಡದೆ ಹೇಳಲಾಗದು. ಪೆಟ್ಟಿಗೆಗೆ ಇಷ್ಟು ಅಂತ ಗುಜರಿಯವರಿಗೆ ಮಾತ್ರ ಕೊಡಬೇಡಿ.

ತೊಳೆಯಲೇಬೇಕು ಅಂದರೆ 78ಕ್ಕೆ ಡಿಸ್ಟಿಲ್ಡ್ ವಾಟರ್, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ, ಮೆತ್ತನೆಯ ಬಟ್ಟೆ. ಗೆರೆಯ ಉದ್ದಕ್ಕೆ ಒರೆಸಿ, ಲೇಬಲ್‌ಗೆ ನೀರು ತಾಗಿಸಬೇಡಿ, ನೆನೆಹಾಕಬೇಡಿ, ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಎಲ್‌ಪಿಯ ಸಣ್ಣ ಮುಳ್ಳಿನಲ್ಲಿ 78 ಹಾಕಬೇಡಿ, ಅದಕ್ಕೆ ದಪ್ಪ ಮುಳ್ಳು ಬೇಕು. ಹಳೆ ಗ್ರಾಮಫೋನಿನ ಉಕ್ಕಿನ ಮುಳ್ಳಿಗೆ ಎಲ್‌ಪಿಯನ್ನು ಯಾವತ್ತೂ ಕೊಡಬೇಡಿ, ಒಂದೇ ಸಲಕ್ಕೆ ಹಾಳಾಗುತ್ತದೆ. ಮಳೆಗಾಲಕ್ಕೆ ಮೊದಲು ಆ ತಗಡಿನ ಪೆಟ್ಟಿಗೆಯಿಂದ ತೆಗೆದು ಗಾಳಿ ಆಡುವ ಕಪಾಟಿನಲ್ಲಿ, ಗೋಡೆಗೆ ತಾಗದ ಹಾಗೆ, ನೆಟ್ಟಗೆ ನಿಲ್ಲಿಸಿಡಿ.

ಹುಳ ತಿಂದ ಲೇಬಲ್‌ನ ರೆಕಾರ್ಡಿನ ಫೋಟೊ ಮೊದಲು ಹಾಕಿ, ಎರಡೂ ಬದಿ, ಲೇಬಲ್ ಸುತ್ತಲಿನ ನುಣುಪು ಜಾಗ ಕಾಣುವ ಹಾಗೆ, ಫ್ಲ್ಯಾಶ್ ಇಲ್ಲದೆ ಓರೆ ಬೆಳಕಿನಲ್ಲಿ. ಅಂಕಿ ಮಸುಕಾಗಿದ್ದರೆ ಮೇಲೆ ತೆಳು ಕಾಗದ ಇಟ್ಟು ಮೆಲ್ಲಗೆ ಪೆನ್ಸಿಲ್ ಉಜ್ಜಿ, ಮೂಡುತ್ತದೆ. ನೀವು ಹಾಕಿದ ದಿನವೇ ಕೂತು ಹುಡುಕುತ್ತೇನೆ.