ಬೂದು ಗಿಳಿಯ ಜೊತೆ ಹಗಲು ಯಾರಿರುತ್ತಾರೆ?

ತುಮಕೂರಿನ ಓದುಗರಿಗೆ,

ಹತ್ತು ವರ್ಷದ ಮಗಳಿಗಾಗಿ ಆಫ್ರಿಕಾದ ಬೂದು ಗಿಳಿಯೊಂದನ್ನು ತರಬೇಕೆಂದಿದ್ದೇವೆ, ಅದು ಕನ್ನಡ ಕಲಿಯುವುದೇ, ಸಾಕಲು ಕಾನೂನಿನ ಅಡ್ಡಿಯಿದೆಯೇ, ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಹೊರಟು ಸಂಜೆ ಮರಳುವ ಮನೆಗೆ ಅದು ಒಗ್ಗುವುದೇ ಎಂದು ಕೇಳಿದ್ದೀರಿ. ಅಜ್ಜನ ಮನೆಯ ಜಗಲಿಯಲ್ಲಿದ್ದ ಹಸಿರು ಗಿಳಿ ಬಂದವರನ್ನು ಹೆಸರು ಹಿಡಿದು ಕರೆಯುತ್ತಿದ್ದುದನ್ನೂ ನೆನೆದಿದ್ದೀರಿ. ನೀವು ಕೊನೆಯಲ್ಲಿ ಕೇಳಿದ ಪ್ರಶ್ನೆಯೇ ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು.

ಕನ್ನಡವನ್ನು ಅದು ಖಂಡಿತ ಕಲಿಯಬಲ್ಲದು. ಮನೆಯಲ್ಲಿ ಯಾವ ನುಡಿ ಕಿವಿಗೆ ಬೀಳುತ್ತದೆಯೋ ಅದನ್ನೇ ಕಲಿಯುತ್ತದೆ. ಆದರೆ ಈ ಜಾತಿಯ ಗಿಳಿಯ ಸಾಮರ್ಥ್ಯ ಕೇಳಿದ್ದನ್ನು ಒಪ್ಪಿಸುವುದಕ್ಕೆ ನಿಲ್ಲುವುದಿಲ್ಲ. ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ ಅವರು 1977ರಲ್ಲಿ ಶಿಕಾಗೊದ ಸಾಕುಪ್ರಾಣಿ ಅಂಗಡಿಯೊಂದರಿಂದ ಕೊಂಡ ಅಲೆಕ್ಸ್ ಎಂಬ ಬೂದು ಗಿಳಿ, 2007ರಲ್ಲಿ ಸಾಯುವ ವೇಳೆಗೆ ಸುಮಾರು ಐವತ್ತು ವಸ್ತುಗಳನ್ನು ಹೆಸರಿಸುತ್ತಿತ್ತು, ಬಣ್ಣ ಮತ್ತು ಆಕಾರಗಳನ್ನು ಗುರುತಿಸುತ್ತಿತ್ತು, ಆರರವರೆಗೆ ಲೆಕ್ಕ ಹೇಳುತ್ತಿತ್ತು, ಎರಡು ವಸ್ತುಗಳನ್ನು ಮುಂದಿಟ್ಟು ವ್ಯತ್ಯಾಸವೇನೆಂದು ಕೇಳಿದರೆ ಬಣ್ಣವೋ ಆಕಾರವೋ ಎಂಬುದನ್ನು ಬಿಡಿಸಿ ಹೇಳುತ್ತಿತ್ತು. ಅದಕ್ಕೆ ಕಲಿಸಿದ ಕ್ರಮವನ್ನು ನೀವು ಗಮನಿಸಬೇಕು. ಗಿಳಿಯ ಎದುರಿಗೆ ಇಬ್ಬರು ಕುಳಿತು, ಒಬ್ಬರು ವಸ್ತುವನ್ನು ತೋರಿಸಿ ಹೆಸರು ಕೇಳುವುದು, ಇನ್ನೊಬ್ಬರು ಸರಿಯಾಗಿ ಹೇಳಿ ಆ ವಸ್ತುವನ್ನೇ ಬಹುಮಾನವಾಗಿ ಪಡೆಯುವುದು, ಇದನ್ನು ನೋಡುತ್ತ ಗಿಳಿಯೂ ಆ ಮಾತಿಗೆ ಪೈಪೋಟಿಯಿಂದ ಇಳಿಯುವುದು: ಹೀಗೆ ಸಾಗುತ್ತಿತ್ತು ಪಾಠ. ಅಂದರೆ ಪ್ರಯೋಗಾಲಯದಲ್ಲಿ ಅದರೊಡನೆ ಸದಾ ಮನುಷ್ಯರಿದ್ದರು, ಮಾತುಕತೆಯಿತ್ತು, ಕೆಲಸವಿತ್ತು. ಅಷ್ಟೆಲ್ಲ ಇದ್ದೂ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರೆ ಅಲೆಕ್ಸ್ ಬೇಸತ್ತು ವಸ್ತುಗಳನ್ನು ಎಸೆಯುತ್ತಿತ್ತು, ಸರಿಯುತ್ತರವೊಂದನ್ನು ಬಿಟ್ಟು ಉಳಿದ ಎಲ್ಲ ತಪ್ಪು ಉತ್ತರಗಳನ್ನೂ ಹೇಳುತ್ತಿತ್ತು.

ಇಂಥ ಬುದ್ಧಿಗೆ ಬೇಸರವೂ ಅಷ್ಟೇ ಬೇಗ ಬರುತ್ತದೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಕಾಡುಗಳಲ್ಲಿ ಈ ಹಕ್ಕಿಗಳು ಹಿಂಡುಹಿಂಡಾಗಿ ರಾತ್ರಿ ತಂಗುತ್ತವೆ, ಬೆಳಗಾದರೆ ತಾಳೆಹಣ್ಣು, ಕಾಯಿ, ಬೀಜಗಳನ್ನು ಅರಸುತ್ತ ದೂರದೂರ ಹಾರುತ್ತವೆ. ಒಂಟಿಯಾಗಿ, ಮಾಡಲು ಏನೂ ಇಲ್ಲದೆ ಕುಳಿತಿರುವುದಕ್ಕೆ ಅವುಗಳ ಮೈಮನಸ್ಸು ರೂಪುಗೊಂಡಿಲ್ಲ. ಬೀಗ ಹಾಕಿದ ಮನೆಯಲ್ಲಿ ದಿನಕ್ಕೆ ಒಂಬತ್ತು ಹತ್ತು ಗಂಟೆ ಪಂಜರದಲ್ಲಿ ಕಳೆಯುವ ಬೂದು ಗಿಳಿ ಮೊದಲು ಕಿರುಚುತ್ತದೆ, ಆಮೇಲೆ ಕಚ್ಚಲು ತೊಡಗುತ್ತದೆ, ಅನೇಕ ಸಂದರ್ಭಗಳಲ್ಲಿ ತನ್ನ ಎದೆಯ, ರೆಕ್ಕೆಯ ಪುಕ್ಕಗಳನ್ನು ತಾನೇ ಕೀಳುತ್ತದೆ. ಮೈಯೆಲ್ಲ ಬೋಳಾಗಿ ತಲೆಯ ಪುಕ್ಕ ಮಾತ್ರ ನೆಟ್ಟಗೆ ಉಳಿದ ಗಿಳಿಯನ್ನು ಕಂಡರೆ, ಅದು ತಾನೇ ಕಿತ್ತುಕೊಂಡದ್ದೆಂದು ತಿಳಿಯಬಹುದು, ಏಕೆಂದರೆ ತಲೆಗೆ ಕೊಕ್ಕು ಎಟುಕುವುದಿಲ್ಲ. ಒಮ್ಮೆ ಹತ್ತಿದ ಈ ಚಾಳಿ, ಕಾರಣ ಹೋದ ಮೇಲೂ ಸುಲಭವಾಗಿ ಬಿಡುವುದಿಲ್ಲ. ಆದ್ದರಿಂದ ಈಗಿನ ನಿಮ್ಮ ಮನೆಗೆ ಈ ಹಕ್ಕಿ ತಕ್ಕದ್ದಲ್ಲ ಎಂಬುದೇ ನಮ್ಮ ಸ್ಪಷ್ಟ ಅಭಿಪ್ರಾಯ. ಅದಕ್ಕೆ ನಲವತ್ತು ಐವತ್ತು ವರ್ಷ ಆಯುಸ್ಸಿದೆ ಎಂಬುದನ್ನೂ ಸೇರಿಸಿ ನೋಡಿ: ಮಗಳು ಓದಿಗೋ ಕೆಲಸಕ್ಕೋ ಊರು ಬಿಟ್ಟಾಗ ಗಿಳಿಗೆ ಇನ್ನೂ ಹರೆಯ.

ಕಾನೂನಿನ ಮಾತನ್ನು ಬೇಗ ಮುಗಿಸಬಹುದು. ಅಜ್ಜನ ಕಾಲದಲ್ಲಿ ಮನೆಮನೆಯಲ್ಲಿದ್ದ ನಮ್ಮ ಹಸಿರು ಗಿಳಿಯನ್ನು ಇಂದು ಹಿಡಿಯುವುದು, ಮಾರುವುದು, ಸಾಕುವುದು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ. ಬೂದು ಗಿಳಿ ವಿದೇಶಿ ಹಕ್ಕಿಯಾದ್ದರಿಂದ ಅದನ್ನು ಸಾಕಲು ಅವಕಾಶವಿದೆ, ಆದರೆ ಷರತ್ತಿನ ಮೇಲೆ. ಸಾಕುವುದಕ್ಕೆಂದು ಕಾಡಿನಿಂದ ಹಿಡಿದುಹಿಡಿದು ಇವುಗಳ ಸಂಖ್ಯೆ ಕುಸಿದದ್ದರಿಂದ, 2016ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಸೇರಿದ ದೇಶಗಳು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದಲ್ಲಿ ಅತಿ ಬಿಗಿ ರಕ್ಷಣೆಯಿರುವ ಮೊದಲನೆಯ ಪಟ್ಟಿಗೆ ಈ ಹಕ್ಕಿಯನ್ನು ಸೇರಿಸಿದವು. ಘಾನಾ ದೇಶದ ಕಾಡುಗಳಲ್ಲಿ ಈಗ ಅದು ಕಾಣಸಿಗುವುದೇ ಅಪರೂಪ. ನಮ್ಮಲ್ಲಿಯೂ 2024ರ ನಿಯಮಗಳಂತೆ ಇಂಥ ಹಕ್ಕಿಯನ್ನು ಇಟ್ಟುಕೊಂಡವರು ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಕೈ ಬದಲಾದರೆ, ಮರಿಯಾದರೆ, ಸತ್ತರೆ ತಿಳಿಸಬೇಕು. ಕಾಗದಪತ್ರಗಳೆಲ್ಲ ಆಮೇಲೆ ಮಾಡಿಕೊಡುತ್ತೇನೆ ಎನ್ನುವ ಮಾರಾಟಗಾರನಿಂದ ದಯವಿಟ್ಟು ಕೊಳ್ಳಬೇಡಿ.

ಅಡುಗೆಮನೆಯ ವಿಷಯವನ್ನು ಹೇಳದೆ ಬಿಡಲಾಗದು, ಏಕೆಂದರೆ ಈಗಾಗಲೇ ಇಂಥ ಗಿಳಿ ಸಾಕಿರುವ ಓದುಗರೂ ಇದ್ದಾರೆ. ಅತಿಯಾಗಿ ಕಾದ ನಾನ್‌ಸ್ಟಿಕ್ ಕಾವಲಿಯ ಹೊಗೆ ಮನುಷ್ಯರ ಗಮನಕ್ಕೂ ಬಾರದಿರುವಾಗಲೇ ಹಕ್ಕಿಯ ಪ್ರಾಣ ತೆಗೆಯಬಲ್ಲದು. ಬೆಣ್ಣೆಹಣ್ಣು, ಚಾಕೊಲೇಟ್ ಅದಕ್ಕೆ ವಿಷ. ಬರೀ ಸೂರ್ಯಕಾಂತಿ ಬೀಜ ತಿನ್ನಿಸಿ ಬೆಳೆಸಿದ ಬೂದು ಗಿಳಿಗೆ ಕ್ಯಾಲ್ಸಿಯಂ ಕೊರತೆಯಾಗಿ ಸೆಳವು ಬರುವುದುಂಟು. ಸೊಪ್ಪು, ತರಕಾರಿ, ಬಿಸಿಲು ಮೂರೂ ಬೇಕು.

ಮಗಳ ಆಸೆಯನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಮೈಸೂರಿನ ಶುಕವನಕ್ಕೆ ಒಮ್ಮೆ ಕರೆದೊಯ್ದರೆ ನಾನಾ ದೇಶಗಳ ಗಿಳಿಗಳನ್ನು ಆಕೆ ಹತ್ತಿರದಿಂದ ನೋಡಬಹುದು. ಅದಾದ ಮೇಲೂ ಆಸೆ ಗಟ್ಟಿಯಾಗಿದ್ದರೆ, ಮನೆಯಲ್ಲಿ ಹಗಲು ಇರುವವರು ಯಾರು, ಮುಂದಿನ ದಶಕಗಳಲ್ಲಿ ಗಿಳಿಯನ್ನು ವಹಿಸಿಕೊಳ್ಳುವವರು ಯಾರು, ಹಕ್ಕಿಗಳ ಚಿಕಿತ್ಸೆ ಬಲ್ಲ ಪಶುವೈದ್ಯರು ನಿಮ್ಮ ಊರಿನಲ್ಲಿ ಯಾರು ಎಂದು ವಿಚಾರಿಸಿ ಮತ್ತೆ ಬರೆಯಿರಿ. ಪಂಜರದ ಅಳತೆ, ಆಹಾರದ ಪಟ್ಟಿಗಳ ವಿಚಾರವನ್ನು ಆಗ ವಿವರವಾಗಿ ಬರೆಯುತ್ತೇವೆ.

— ಸಂಪಾದಕ