ಅಜ್ಜಿ ಮಡಿಲಲ್ಲಿ ಬಚ್ಚಿಟ್ಟ ಎಲೆ

(ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದವರೊಬ್ಬರ ಕತೆ ಇದು. ಗುರುತು ಸಿಗಬಾರದೆಂದು ಊರು, ಉದ್ಯೋಗ, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

“ಮೇಡಂ, ಕೈ ನಡುಗುತ್ತೆ. ಜಾದೂ ಮಾಡೋನಿಗೆ ಕೈ ನಡುಗಿದ್ರೆ ಇನ್ನೇನು ಉಳೀತು?”

ಇಪ್ಪತ್ತೇಳು ವರ್ಷದ ಹುಡುಗ. ಹೆಸರು ಬೇಡ, ಹುಡುಗ ಅಂತಲೇ ಕರೆಯುತ್ತೇನೆ. ವಾರವಿಡೀ ಲೆಕ್ಕಪತ್ರದ ಕೆಲಸ. ಶನಿವಾರ, ಭಾನುವಾರ ಆರತಕ್ಷತೆ, ಹುಟ್ಟುಹಬ್ಬಗಳಲ್ಲಿ ಇಸ್ಪೀಟ್ ಎಲೆಗಳ ಜಾದೂ. ಎರಡು ತಿಂಗಳಿಂದ ಶುಕ್ರವಾರ ರಾತ್ರಿ ನಿದ್ದೆ ಇಲ್ಲ. ಒಂದು ಕಾರ್ಯಕ್ರಮವನ್ನು ಹೊಟ್ಟೆನೋವು ಅಂತ ಸುಳ್ಳು ಹೇಳಿ ತಪ್ಪಿಸಿಕೊಂಡಿದ್ದ. ಡಾಕ್ಟರು ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ, ಏನೂ ತೊಂದರೆ ಇಲ್ಲ ಅಂದಿದ್ದರು.

ಶುರುವಾಗಿದ್ದು ಹೇಗೆ ಅಂತ ಕೇಳಿದೆ. ಒಂದು ಆರತಕ್ಷತೆಯಲ್ಲಿ ಹಿರಿಯರೊಬ್ಬರು, “ಕೈ ಚೆನ್ನಾಗಿ ಓಡುತ್ತೆ ಕಣಪ್ಪ. ಯಾರ ಹತ್ರ ಕಲಿತೆ, ಯೂಟ್ಯೂಬಾ?” ಅಂದರಂತೆ. ಸುತ್ತ ಇದ್ದವರು ನಕ್ಕರು. ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಅದು ನಿಜವಾಗಿತ್ತು.

ನನ್ನ ಮೇಜಿನ ಮೇಲೆ ಒಂದು ಸಲ ಮಾಡಿ ತೋರಿಸಿ ಅಂದೆ. ಹತ್ತು ನಿಮಿಷದಲ್ಲಿ ಹನ್ನೊಂದು ಟ್ರಿಕ್. ಮೊದಲನೆಯದರಲ್ಲಿ ಅವನು ಲಾಸ್ ವೇಗಸ್‌ನ ಜೂಜುಕೋರ. ಎರಡನೆಯದರಲ್ಲಿ ಮನಸ್ಸು ಓದುವ ಯೋಗಿ. ಮೂರನೆಯದರಲ್ಲಿ ಇಂಗ್ಲಿಷ್ ಜೋಕು ಹೇಳುವ ತಮಾಷೆಗಾರ. ಕೈಚಳಕ ಬಹಳ ಚೆನ್ನಾಗಿತ್ತು, ಸುಳ್ಳು ಹೇಳಲಾರೆ. ಆದರೆ ಮುಗಿದ ಮೇಲೆ ನನಗೆ ನೆನಪಿದ್ದದ್ದು ಒಂದೇ. ನಡುವೆ ಒಂದು ಎಲೆ ಜಾರಿ ಕೆಳಗೆ ಬಿತ್ತು. “ಅಯ್ಯೋ ಶಿವನೇ” ಅಂದ. ಆ ಎರಡು ಪದ ಮಾತ್ರ ಅವನ ಸ್ವಂತ ದನಿಯಲ್ಲಿ ಬಂದಿದ್ದವು.

ಹಾಗಂತ ಹೇಳಿಯೇಬಿಟ್ಟೆ. ಅವನಿಗೆ ಬೇಜಾರಾಯಿತು. ಮುಂದಿನ ವಾರ ಬರುವುದಿಲ್ಲ ಅಂದುಕೊಂಡೆ, ಬಂದ.

ಮೊದಲು ನಡುಕಕ್ಕೆ ದಾರಿ ಹುಡುಕಿದೆವು. ಹೆದರಿಕೆಯಾದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಬೆರಳು ನಡುಗುತ್ತವೆ. ತಡೆಯಲು ಹೋದಷ್ಟೂ ಜಾಸ್ತಿ. ಕಾರ್ಯಕ್ರಮಕ್ಕೆ ಮುಂಚೆ ಎರಡು ಲೋಟ ಕಾಫಿ ಕುಡಿಯುವ ಅಭ್ಯಾಸ ಬೇರೆ ಇತ್ತು, ಅದನ್ನು ಬಿಡಿಸಿದೆ. ಉಸಿರು ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದು ನಿಧಾನವಾಗಿರಲಿ ಅಂತ ಅಭ್ಯಾಸ ಮಾಡಿಸಿದೆ. ಇನ್ನೊಂದು ಉಪಾಯ ಅವನೇ ಹೇಳಿದ. ಕೈಚಳಕವೇ ಬೇಡದ, ಎಲೆಗಳ ಲೆಕ್ಕದಿಂದಲೇ ನಡೆಯುವ ಟ್ರಿಕ್‌ಗಳು ಇರುತ್ತವಂತೆ. ಮೊದಲ ಮೂರು ನಿಮಿಷ ಅಂಥದ್ದೇ ಮಾಡಿ ಅಂದೆ. ಎಲೆ ಕಲಸುವ ಕೆಲಸವನ್ನೂ ನೋಡುವವರಿಗೇ ಕೊಡಿ, ನಡುಕ ಇಳಿಯಲಿ. (ಗುಟ್ಟು ಯಾವುದನ್ನೂ ನಾನು ಕೇಳಲಿಲ್ಲ. ಕೇಳಬೇಕು ಅಂತ ಬಹಳ ಅನ್ನಿಸಿತ್ತು.)

ಇಷ್ಟರಿಂದ ನಿದ್ದೆ ಸುಧಾರಿಸಿತು. ಹೆದರಿಕೆ ಹೋಗಲಿಲ್ಲ. ಹೋಗುವುದಾದರೂ ಹೇಗೆ? ಯಕ್ಷಗಾನದಲ್ಲಿ ಹರೆಯದ ವೀರರ ಪುಂಡುವೇಷಕ್ಕೆ ಒಂದು ಚುರುಕು, ರಾಕ್ಷಸರ ಬಣ್ಣದ ವೇಷಕ್ಕೆ ಇನ್ನೊಂದು ಗತ್ತು. ಬಾಯಿ ಬಿಡುವ ಮುಂಚೆಯೇ ಬಂದವರು ಯಾರು ಅಂತ ಗೊತ್ತಾಗುತ್ತದೆ. ಇವನು ಹತ್ತು ನಿಮಿಷದಲ್ಲಿ ಹನ್ನೊಂದು ವೇಷ ಕಟ್ಟಿ ಬಿಚ್ಚುತ್ತಿದ್ದ. ಒಂದೂ ಅವನ ಅಳತೆಯದಲ್ಲ. ಯಾರಾದರೂ ಹಿಡಿದುಬಿಡುತ್ತಾರೆ ಅನ್ನುವ ಭಯ ಇದ್ದೇ ಇರುತ್ತದೆ, ಅಲ್ವಾ?

ಮೂರನೇ ಭೇಟಿಗೆ ಮೊಬೈಲಿನಲ್ಲಿ ಒಂದು ವಿಡಿಯೊ ತಂದ. ಅರ್ಜೆಂಟೀನಾದ ಜಾದೂಗಾರ ರೆನೆ ಲವಾಂದ್. 1928ರಲ್ಲಿ ಹುಟ್ಟಿದವರು, 2015ರಲ್ಲಿ ತೀರಿಕೊಂಡರು. ಒಂಬತ್ತನೇ ವಯಸ್ಸಿನಲ್ಲಿ ಅಪಘಾತದಲ್ಲಿ ಬಲಗೈ ಹೋಯಿತು. ಎಡಗೈ ಒಂದರಲ್ಲೇ ಎಲೆ ಕಲಸುತ್ತಾರೆ, ಹಂಚುತ್ತಾರೆ, ಜೊತೆಗೆ ಕತೆ ಹೇಳುತ್ತಾರೆ. ಇದಕ್ಕಿಂತ ನಿಧಾನವಾಗಿ ಮಾಡಲು ಆಗುವುದಿಲ್ಲ ಅನ್ನುವುದು ಅವರ ಪ್ರಸಿದ್ಧ ಮಾತು. ಭಾಷೆ ಬರದಿದ್ದರೂ ಕಣ್ಣು ಕೀಳಲಾಗಲಿಲ್ಲ.

“ನಾನೂ ಹೀಗೆ ನಿಧಾನ ಮಾಡ್ತೀನಿ ಮೇಡಂ” ಅಂದ ಹುಡುಗ.

“ಅದೂ ಎರವಲೇ ಅಲ್ವಾ? ಅವರ ನಿಧಾನ ಅವರ ಒಂದು ಕೈಯಿಂದ ಬಂದಿದ್ದು. ನಿಮ್ಮದು ಎಲ್ಲಿಂದ ಬರುತ್ತೆ?”

ಸುಮ್ಮನೆ ಕೂತ. ಆಮೇಲೆ ಹೇಳಿದ: ಅಪ್ಪ ಇಸ್ಪೀಟಿನಲ್ಲಿ ಬಹಳ ಕಳೆದಿದ್ದರು. ಅಂದರ್ ಬಾಹರ್. ಅಮ್ಮನ ಬಳೆ ಹೋಯಿತು, ಸ್ಕೂಟರ್ ಹೋಯಿತು. ಇವತ್ತಿಗೂ ಅಮ್ಮ ಮನೆಯಲ್ಲಿ ಎಲೆ ಕಂಡರೆ ಎದ್ದು ಒಳಗೆ ಹೋಗುತ್ತಾರೆ. ಮಗ ಕೋಣೆಯ ಬಾಗಿಲು ಹಾಕಿಕೊಂಡೇ ಅಭ್ಯಾಸ ಮಾಡಬೇಕು.

ಹೇಳಿ ಮುಗಿಸಿದವನ ಕಣ್ಣು ಹೊಳೆಯಿತು. “ಮೇಡಂ, ಇದನ್ನೇ ಶೋ ಮಾಡಿದ್ರೆ? ಅಪ್ಪ ಸೋತ ಎಲೆ ನಾನು ಗೆದ್ದು ತರೋದು.”

ಇಲ್ಲಿ ನಾನು ಅಡ್ಡ ನಿಂತೆ. ಸಾಮಾನ್ಯವಾಗಿ ನಿಲ್ಲುವವಳಲ್ಲ. ನೋವನ್ನೆಲ್ಲ ವೇದಿಕೆಗೆ ತಂದರೆ ಮನಸ್ಸು ಹಗುರಾಗುತ್ತದೆ ಅನ್ನುವ ಮಾತು ಈಗ ಜಾಸ್ತಿ ಕೇಳಿಬರುತ್ತಿದೆ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಆ ಕತೆ ಅವನೊಬ್ಬನದ್ದಲ್ಲ. ಅಪ್ಪ ಅದೇ ಊರಿನಲ್ಲಿದ್ದಾರೆ, ಅಮ್ಮನ ಬಳೆ ಅಮ್ಮನದು. ಅದಲ್ಲದೆ, ಒಣಗದ ಗಾಯವನ್ನು ಪ್ರತಿ ಶನಿವಾರ ಮದುವೆ ಊಟಕ್ಕೆ ಬಂದವರ ಮುಂದೆ ಕೆರೆಯಬೇಕಾ? ಅಮ್ಮನ ಹತ್ತಿರ ಮೊದಲು ಮಾತಾಡಿ, ಶೋಗೋಸ್ಕರ ಅಲ್ಲ, ಸುಮ್ನೆ ಮಾತಾಡಿ ಅಂದೆ.

ಮಾತಾಡಿದ. ಅಮ್ಮ ಅಪ್ಪನ ಬಗ್ಗೆ ಏನೂ ಹೇಳಲಿಲ್ಲವಂತೆ. “ನಿಂಗೆ ಎಲೆ ಹಿಡಿಯೋದು ಹೇಳಿಕೊಟ್ಟಿದ್ದು ನಮ್ಮಮ್ಮ, ಮರೆತುಬಿಟ್ಯಾ?” ಅಂದರಂತೆ.

ಅವನು ನಿಜವಾಗಿಯೂ ಮರೆತಿದ್ದ. ಬೇಸಿಗೆ ರಜೆ, ಅಜ್ಜಿ ಮನೆ ಜಗಲಿ, ಮೊಮ್ಮಕ್ಕಳೆಲ್ಲ ಸೇರಿ ಕತ್ತೆ ಆಟ. ಕೊನೆಗೆ ಕೈಯಲ್ಲಿ ಎಲೆ ಉಳಿದವರು ಕತ್ತೆ. ಅಜ್ಜಿ ಒಂದು ಸಲವೂ ಕತ್ತೆಯಾಗಲಿಲ್ಲ. ಎಲೆಗಳನ್ನು ಮಡಿಲಿಗೆ ಸರಿಸಿ, ಮೇಲೆ ಸೆರಗು ಎಳೆದುಕೊಂಡು, ಎಲ್ಲರನ್ನೂ ಬೈಯುತ್ತಿದ್ದರು: “ಏಯ್, ಮೋಸ ಮಾಡ್ಬೇಡ್ರೋ!” ಇದನ್ನು ಹೇಳುವಾಗ ಹುಡುಗ ನಕ್ಕ. ದನಿ ಬೇರೆಯಾಗಿತ್ತು, ಅದೇ “ಅಯ್ಯೋ ಶಿವನೇ” ದನಿ.

ಮುಂದೆ ಹೇಳಿದ್ದು ಸಲಹೆ ಅನ್ನುವುದಕ್ಕಿಂತ ಮನೆಗೆಲಸ. ಎಲೆ ಮುಟ್ಟದೆ, ಬರೀ ಬಾಯಲ್ಲಿ ಕತೆ ಹೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಕೇಳಿಸಿಕೊಂಡು ನಿಮಗೇ ಬೇಜಾರಾದ ಜಾಗವನ್ನು ತೆಗೆಯಿರಿ. ಆಮೇಲೆ ಹನ್ನೊಂದು ಟ್ರಿಕ್‌ಗಳಿಗೂ ಒಂದೇ ಪ್ರಶ್ನೆ ಹಾಕಿ: ಇದನ್ನು ಅಜ್ಜಿ ಮಾಡುತ್ತಿದ್ದರಾ? ಇಲ್ಲ ಅಂತಾದರೆ ಪೆಟ್ಟಿಗೆಯಲ್ಲಿಡಿ, ಎಸೆಯಬೇಡಿ.

ಇದರಿಂದ ಬಹಳ ಸಂಗತಿ ತಾನಾಗಿ ತೀರ್ಮಾನವಾಯಿತು. ಲಾಸ್ ವೇಗಸ್ ಹೋಯಿತು, ಕಪ್ಪು ಕೋಟು ಹೋಯಿತು. ಎಲೆಗಳನ್ನು ಬೀಸಣಿಗೆ ಹಾಗೆ ಬಿಚ್ಚುವ ಬೆಡಗು ಹೋಗುವಾಗ ಅತ್ತುಬಿಡುವ ಹಾಗಿದ್ದ, ಆರು ತಿಂಗಳು ಕಲಿತಿದ್ದನಂತೆ. ಅಜ್ಜಿಯ ಬೆರಳಿಗೆ ಅದು ಬರುತ್ತಿತ್ತಾ ಅಂತ ಅವನೇ ಕೇಳಿಕೊಂಡು ಬಿಟ್ಟ. ಉಳಿದದ್ದು ನಾಲ್ಕು. ನಡುವೆ ತೂರಿಸಿದ ಎಲೆ ಮತ್ತೆ ಮತ್ತೆ ಮೇಲೆ ಬರುವ ಹಳೆಯ ಟ್ರಿಕ್ ಒಂದಿದೆ. 1922ರಲ್ಲಿ ಷಿಕಾಗೋದಲ್ಲಿ ಡೈ ವರ್ನನ್ ಅನ್ನುವ ಜಾದೂಗಾರ ಇದೇ ಬಗೆಯದ್ದನ್ನು ತೋರಿಸಿ, ಆಗಿನ ಹೆಸರಾಂತ ಜಾದೂಗಾರ ಹೂಡಿನಿಯನ್ನೇ ಬೆಪ್ಪು ಮಾಡಿದ್ದರು ಅಂತ ಹುಡುಗ ಹೆಮ್ಮೆಯಿಂದ ಹೇಳುತ್ತಿದ್ದ, ಪ್ರತಿ ಶೋನಲ್ಲೂ. ಈಗ ವರ್ನನ್ ಇಲ್ಲ. ಆ ಎಲೆ ಆಟೀನ್ ರಾಣಿ, ಅಂದರೆ ಅಜ್ಜಿ. ಹನ್ನೆರಡು ಜನರ ಮನೆಯಲ್ಲಿ ಎಷ್ಟು ಕೆಳಗೆ ತಳ್ಳಿದರೂ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ನಿಂತಿರುತ್ತಿದ್ದವರು. ಟ್ರಿಕ್ ಅದೇ, ಒಂದು ಬೆರಳೂ ಬದಲಾಗಿಲ್ಲ. ನನ್ನ ಮೇಜಿನ ಮೇಲೆ ಮೂರನೇ ಸಲ ರಾಣಿ ಮೇಲೆ ಬಂದಾಗ ನಾನು ಎಲೆ ನೋಡಲಿಲ್ಲ, ಹುಡುಗನ ಮುಖ ನೋಡಿದೆ.

ಎಲ್ಲ ಸರಿಹೋಯಿತು ಅಂತಲ್ಲ. ಹೊಸ ಶೋ ಮೊದಲ ಸಲ ಮಾಡಿದ್ದು ಒಂದು ಕಂಪನಿ ಪಾರ್ಟಿಯಲ್ಲಿ, ಡಿಜೆ ಸದ್ದಿನ ನಡುವೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಅಂಥ ಕಡೆ ಒಪ್ಪಿಕೊಳ್ಳುವುದನ್ನು ಬಿಟ್ಟ, ವರಮಾನ ಕಡಿಮೆಯಾಯಿತು. ಕೈ ಈಗಲೂ ಶುರುವಿನಲ್ಲಿ ನಡುಗುತ್ತದೆ. ಅದನ್ನು ಮುಚ್ಚಿಡುವುದಿಲ್ಲ. “ನಮ್ಮಜ್ಜಿ ಕೈಯೂ ಹೀಗೇ ನಡುಗ್ತಿತ್ತು. ಅದನ್ನ ನಂಬಿ ನಾವು ಮೋಸ ಹೋಗ್ತಿದ್ವಿ” ಅನ್ನುತ್ತಾನೆ.

ಅಪ್ಪನ ವಿಷಯ ಹಾಗೇ ಇದೆ. ಅದಕ್ಕೆ ಬೇರೆ ಭೇಟಿಗಳು ನಡೆಯುತ್ತಿವೆ. ಅಮ್ಮ ಇನ್ನೂ ಶೋ ನೋಡಲು ಬಂದಿಲ್ಲ. ಆದರೆ ಕೋಣೆಯ ಬಾಗಿಲು ತೆರೆದಿಟ್ಟು ಅಭ್ಯಾಸ ಮಾಡುತ್ತಾನೆ. ಹೋದ ವಾರ ಅಡುಗೆಮನೆಯಿಂದ ಅಮ್ಮ ಕೂಗಿದರಂತೆ: “ನಮ್ಮಮ್ಮ ಏಯ್ ಅಂತಿರ್ಲಿಲ್ಲ ಕಣೋ, ಲೇ ಅಂತಿದ್ಲು.”